ಬೇರಾ ರಿಪೋರ್ಟಿನ ಜೊತೆ ಗ್ರಾಫನ್ನೂ ಕೇಳಿ ಪಡೆಯಿರಿ

ಬೇರಾ (BERA) ಅಂದರೆ ಕಿವಿಗೆ ಶಬ್ದ ಕೊಟ್ಟು, ಕಿವಿಯ ನರ ಮತ್ತು ಮಿದುಳುಕಾಂಡದಲ್ಲಿ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸುವ ಶ್ರವಣ ಪರೀಕ್ಷೆ. 'ಎರಡೂ ಕಿವಿ, 90 ಡೆಸಿಬೆಲ್‌ನಲ್ಲೂ ರೆಸ್ಪಾನ್ಸ್ ಇಲ್ಲ' ಅಂತ ಒಂದು ಸಾಲು ಬರೆದು ಸೀಲು ಒತ್ತಿ ಕೊಟ್ಟ ಹಾಳೆಯನ್ನು ಬೇರಾ ರಿಪೋರ್ಟ್ ಅಂತ ನಾನು ಒಪ್ಪುವುದಿಲ್ಲ. ಗ್ರಾಫ್ ಕಾಣದೆ ಆ ಸಾಲನ್ನು ಇನ್ನೊಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ತಾಳೆ ನೋಡುವುದಾದರೂ ಹೇಗೆ?

ಹಿಡಿಯಬೇಕಾದ ಸಿಗ್ನಲ್ ಅಷ್ಟು ಸಣ್ಣದು. ಕಿವಿಗೆ ಒಂದು ಕ್ಲಿಕ್ ಬಿಟ್ಟರೆ ಕಿವಿಯ ನರದಿಂದ ಮಿದುಳುಕಾಂಡದವರೆಗೆ 10 ಮಿಲಿಸೆಕೆಂಡಿನೊಳಗೆ ಸಾಲಾಗಿ ಅಲೆಗಳು ಏಳುತ್ತವೆ. ಇವುಗಳಿಗೆ ರೋಮನ್ ಅಂಕಿ ಕೊಟ್ಟು ಗುರುತಿಸಿದವರು 1971ರಲ್ಲಿ ಜ್ಯುವೆಟ್ ಮತ್ತು ವಿಲ್ಲಿಸ್ಟನ್. ಎತ್ತರ ಒಂದು ಮೈಕ್ರೋವೋಲ್ಟ್ ಕೂಡ ಇರುವುದಿಲ್ಲ, ಅದೇ ತಲೆಯ ಇಇಜಿ, ಅಂದರೆ ಮಿದುಳಿನ ಸಹಜ ವಿದ್ಯುತ್ ಚಟುವಟಿಕೆ, ಅದರ ಹತ್ತಾರು ಪಟ್ಟು. ಅದಕ್ಕೇ ಸುಮಾರು 2000 ಕ್ಲಿಕ್ ಕೊಟ್ಟು ಸರಾಸರಿ ತೆಗೆಯುತ್ತಾರೆ. ಕ್ಲಿಕ್ಕಿನ ವೇಗವನ್ನು ಸೆಕೆಂಡಿಗೆ 25 ಅಂತ ದುಂಡಗೆ ಇಡದೆ 21.1 ಅಥವಾ 27.1 ಇಡುವುದಕ್ಕೂ ಕಾರಣವಿದೆ. 50 ಹರ್ಟ್ಜ್ ಕರೆಂಟಿನ ಜೊತೆ ಹೆಜ್ಜೆ ಕೂಡಿದರೆ ಆ ಗದ್ದಲ ಸರಾಸರಿಯಲ್ಲಿ ಅಳಿಯದೆ ಅಲೆಯ ಹಾಗೇ ಕೂತುಬಿಡುತ್ತದೆ.

ಕೆಲಸ ಕೆಡುವುದು ಬಹಳ ಸಲ ಮಗುವಿನ ಹಣೆಯ ಮೇಲೆ. ಒಂದು ಎಲೆಕ್ಟ್ರೋಡ್ ಕೂದಲಂಚಿನ ಹತ್ತಿರ, ಒಂದು ಅದರ ಕೆಳಗೆ, ಕಿವಿಯ ಹಿಂದಿನ ಮೂಳೆಗೆ ಒಂದೊಂದು. ಜೆಲ್ ಹಾಕಿ ಚರ್ಮ ಉಜ್ಜಿ, ಪೇಸ್ಟ್ ತುಂಬಿ ಅಂಟಿಸಿದ ಮೇಲೆ ಇಂಪೀಡೆನ್ಸ್ (ಕರೆಂಟಿಗೆ ಬರುವ ತಡೆ) 5 ಕಿಲೋಓಮ್ ಒಳಗಿರಬೇಕು, ಒಂದಕ್ಕೂ ಇನ್ನೊಂದಕ್ಕೂ 2ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮ ಮನೆಗಳಲ್ಲೋ, ಎಣ್ಣೆನೀರು ಹಾಕಿ, ಪೌಡರ್ ಬಳಿದು, ಎಲೆಕ್ಟ್ರೋಡ್ ಕೂರಬೇಕಾದ ಜಾಗಕ್ಕೇ ಸರಿಯಾಗಿ ದೃಷ್ಟಿಬೊಟ್ಟು ಇಟ್ಟು ಕರೆತರುತ್ತಾರೆ. ಹಿಂದಿನ ದಿನವೇ ತಲೆ ತೊಳೆದುಬಿಡಿ. ಪರೀಕ್ಷೆಯ ದಿನ ಎಣ್ಣೆ ಬೇಡ, ಬೊಟ್ಟನ್ನು ಅಂಗಾಲಿಗೆ ಇಡಿ.

ಇನ್ನು ನಿದ್ದೆ. ಮಗು ಅಲುಗಿದರೆ ಸ್ನಾಯುವಿನ ಗದ್ದಲ ಅಲೆಯನ್ನು ನುಂಗುತ್ತದೆ. ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ. ಎಲೆಕ್ಟ್ರೋಡ್ ಅಂಟಿಸಿಯಾದ ಮೇಲೆ ಹಾಲು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಬಹುಪಾಲು ಇಷ್ಟೇ ಸಾಕು. ದೊಡ್ಡ ಮಕ್ಕಳಿಗೆ ನಿದ್ದೆ ಬರಿಸುವ ಟ್ರೈಕ್ಲೋಫಾಸ್ ಸಿರಪ್ ಬೇಕಾದರೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ, ಅವರ ಕಣ್ಣೆದುರೇ. ಮನೆಯಲ್ಲೇ ಕುಡಿಸಿಕೊಂಡು ಬರುವುದು ಅಪಾಯ. ನಿದ್ದೆಯಿಂದ ಅಲೆ ಬದಲಾದೀತು ಅನ್ನುವ ಭಯ ಬೇಡ, ಬೇರಾಗೆ ಅದರ ತೊಂದರೆಯಿಲ್ಲ.

ಗ್ರಾಫಿನಲ್ಲಿ ಹುಡುಕಬೇಕಾದದ್ದು ಐದನೇ ಅಲೆ. ದೊಡ್ಡವರಲ್ಲಿ 80 ಡೆಸಿಬೆಲ್‌ಗೆ ಅದು ಸುಮಾರು 5.6 ಮಿಲಿಸೆಕೆಂಡಿಗೆ ಬರುತ್ತದೆ, ಶಬ್ದ ತಗ್ಗಿಸಿದಷ್ಟೂ ತಡವಾಗುತ್ತದೆ. ಪ್ರತಿ ಮಟ್ಟದಲ್ಲೂ ಎರಡು ಗೆರೆ ಇರಬೇಕು, ಒಂದರ ಮೇಲೊಂದು ಕೂರಬೇಕು. ಒಂದೇ ಗೆರೆಯಲ್ಲಿ 'ಇಲ್ಲಿದೆ ನೋಡಿ' ಅಂತ ಗುರುತು ಹಾಕಿದ್ದರೆ ನಂಬಬೇಡಿ. ಹಸುಗೂಸಿನಲ್ಲಿ ಅಲೆಗಳು ಸಹಜವಾಗಿಯೇ ತಡ. ಒಂದು ಮತ್ತು ಐದನೇ ಅಲೆಯ ನಡುವಿನ ಅಂತರ ದೊಡ್ಡವರಲ್ಲಿ 4 ಮಿಲಿಸೆಕೆಂಡ್ ಇದ್ದರೆ ನವಜಾತ ಶಿಶುವಿನಲ್ಲಿ 5ರ ಹತ್ತಿರ. ದೊಡ್ಡವರ ಅಳತೆಗೋಲಿನಿಂದ ಕೂಸನ್ನು ಅಳೆದು 'ನರ ದುರ್ಬಲ' ಅನ್ನುವುದು ಶುದ್ಧ ತಪ್ಪು. ನೆಗಡಿಯಾಗಿ ಕಿವಿಯಲ್ಲಿ ನೀರು ತುಂಬಿದ್ದರೂ ಅಲೆ ತಡವಾಗುತ್ತದೆ. ಅದಕ್ಕೇ ಕಿವಿಯ ತಮಟೆಯ ಅಲುಗಾಟ ಅಳೆಯುವ ಟಿಂಪನೋಮೆಟ್ರಿಯೂ ಆಗಬೇಕು.

ಕ್ಲಿಕ್ ಮುಖ್ಯವಾಗಿ ತೋರಿಸುವುದು 2000ದಿಂದ 4000 ಹರ್ಟ್ಜ್ ಭಾಗವನ್ನು. 500 ಹರ್ಟ್ಜ್ ಟೋನ್ ಬರ್ಸ್ಟ್ (ಒಂದೇ ಸ್ವರದ ಚುಟುಕು ಶಬ್ದ) ಮಾಡದೆ 'ಏನೂ ಕೇಳಿಸಲ್ಲ' ಅಂತ ಬರೆಯುವುದು ಆತುರ. ತಗ್ಗಿನ ಸ್ವರ ಉಳಿದಿರಬಹುದು.

ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇದ್ದ, ಜಾಂಡೀಸ್ ತೀವ್ರವಾಗಿದ್ದ ಮಕ್ಕಳಲ್ಲಿ ಇನ್ನೊಂದು ಬಲೆ. ಓಎಇ, ಅಂದರೆ ಒಳಕಿವಿಯೇ (ಕಾಕ್ಲಿಯ) ಹೊರಡಿಸುವ ಸಣ್ಣ ಸದ್ದನ್ನು ಅಳೆಯುವ ಪರೀಕ್ಷೆ, ಪಾಸ್ ಆಗಿರುತ್ತದೆ, ಬೇರಾದಲ್ಲಿ ಅಲೆಯೇ ಇರುವುದಿಲ್ಲ. ಕಾಕ್ಲಿಯದ ಹೊರಗಣ ಕೂದಲುಕೋಶ ಸರಿಯಿದ್ದು, ನರದ ತಾಳ ತಪ್ಪಿದ ಆಡಿಟರಿ ನ್ಯೂರೋಪತಿ ಇದು. ಓಎಇ ಒಂದನ್ನೇ ಮಾಡಿ ಇಂಥ ಮಕ್ಕಳನ್ನು ಮನೆಗೆ ಕಳಿಸಬಾರದು. ಇದನ್ನು ಹಿಡಿಯಲು ಕ್ಲಿಕ್ಕಿನ ಎರಡೂ ಪೊಲಾರಿಟಿಯನ್ನು (ಮೊದಲು ಒಳಕ್ಕೆ ತಳ್ಳುವ ಮತ್ತು ಮೊದಲು ಹೊರಕ್ಕೆ ಎಳೆಯುವ ಕ್ಲಿಕ್) ಬೇರೆಬೇರೆ ದಾಖಲಿಸಬೇಕು, ಒಂದಾದ ಮೇಲೊಂದು ಬದಲಿಸುವ ಆಲ್ಟರ್ನೇಟಿಂಗ್ ಇಟ್ಟರೆ ಸುಳಿವೇ ಅಳಿಸಿಹೋಗುತ್ತದೆ. ಗ್ರಾಫಿನ ಆರಂಭದ ಏರಿಳಿತ ಪೊಲಾರಿಟಿ ಜೊತೆ ತಲೆಕೆಳಗಾದರೆ, ಇಯರ್‌ಫೋನಿನ ಟ್ಯೂಬನ್ನು ಹಿಸುಕಿ ಮತ್ತೊಮ್ಮೆ ಓಡಿಸಬೇಕು. ಆಗ ಅದು ಮಾಯವಾದರೆ ಕಾಕ್ಲಿಯದ್ದು. ಉಳಿದರೆ ಮೆಷಿನ್ನಿನದ್ದು.