ಎಂಬತ್ತು ಜಿಬಿಯೊಳಗೆ ಒಂದು ಮದುವೆ

ನಮ್ಮ ಮದುವೆಯಾದದ್ದು 1992ರ ಮೇ ತಿಂಗಳಲ್ಲಿ. ಅದಕ್ಕೆ ಸಾಕ್ಷಿಯಾಗಿ ಮನೆಯಲ್ಲಿ ಉಳಿದಿದ್ದವರು ನಾನು, ನನ್ನ ಹೆಂಡತಿ ಮತ್ತು ಇ-180 ಎಂದು ಮೈಮೇಲೆ ಬರೆದುಕೊಂಡ ಮೂರು ಗಂಟೆಯ ಒಂದು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟು. 2007ರ ಏಪ್ರಿಲ್‌ನಲ್ಲಿ ಕಪಾಟು ಒರೆಸಲು ಹೊರಟಾಗ, ಮೂವರಲ್ಲಿ ಕ್ಯಾಸೆಟ್ಟಿನ ಆರೋಗ್ಯವೇ ಹೆಚ್ಚು ಕೆಟ್ಟಿರುವುದು ಕಂಡುಬಂತು. ಶಿವಮೊಗ್ಗದ ಹದಿನೈದು ಮಳೆಗಾಲಗಳನ್ನು ಕಂಡಿದ್ದ ಅದರ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. “ಸ್ಟುಡಿಯೋಗೆ ಕೊಟ್ಟರೆ ಡಿವಿಡಿ ಮಾಡಿಕೊಡುತ್ತಾರಂತೆ ರೀ” ಎಂದಳು ಹೆಂಡತಿ. ಮನೆಯಲ್ಲೇ ಕಂಪ್ಯೂಟರ್ ಇರುವಾಗ ಸ್ಟುಡಿಯೋ ಏಕೆ ಎಂದು ನಾನು ಕೇಳಿದೆ. ಆ ಒಂದು ಪ್ರಶ್ನೆಯಿಂದ ನಮ್ಮ ಮನೆಯ ಮೂರು ವಾರಗಳ ನೆಮ್ಮದಿ ಹಾಳಾಯಿತು.

ಮೊದಲ ತೊಡಕು ಜಾಗದ್ದು. ನಾನು ಆರಿಸಿಕೊಂಡ ವಿಧಾನದಲ್ಲಿ ಒಂದು ಗಂಟೆಯ ವಿಡಿಯೋ ಸುಮಾರು 13 ಜಿಬಿ ನುಂಗುತ್ತದೆ. ಅಂದರೆ ಮೂರು ಗಂಟೆಯ ಮದುವೆಗೆ 40 ಜಿಬಿಯಷ್ಟು ಖಾಲಿ ಜಾಗ ಬೇಕು. ನಮ್ಮದು 80 ಜಿಬಿಯ ಹಾರ್ಡ್ ಡಿಸ್ಕು ಎಂದು ಬೀಗುತ್ತಿದ್ದವನು ಒಳಹೊಕ್ಕು ನೋಡಿದರೆ ಅದು 74 ಚಿಲ್ಲರೆಯನ್ನಷ್ಟೇ ತೋರಿಸುತ್ತಿತ್ತು. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಮಾರುವವನ ಸೇರು ಬೇರೆ, ಮನೆಯ ಸೇರು ಬೇರೆ ಎಂಬುದು ಅಕ್ಕಿಯ ವ್ಯಾಪಾರಕ್ಕೆ ಮಾತ್ರ ಸೀಮಿತವಲ್ಲವೆಂದು ಆಗ ತಿಳಿಯಿತು. ಇದ್ದ ಜಾಗದಲ್ಲಿಯೂ ಮಗನ ಕಾರ್ ರೇಸಿನ ಆಟಗಳು, ಹೆಂಡತಿಯ ಭಾವಗೀತೆಗಳು ಮತ್ತು ಯಾರೂ ಎರಡನೆಯ ಸಲ ನೋಡದ ಪ್ರವಾಸದ ಫೋಟೋಗಳು ಬಾಡಿಗೆ ಕೊಡದೆ ವಾಸವಾಗಿದ್ದವು. ಮಗನ ಆಟಗಳನ್ನು ಒಕ್ಕಲೆಬ್ಬಿಸಿದ ದಿನ ಒಂಬತ್ತನೆಯ ತರಗತಿಯ ಆ ಹುಡುಗ ಊಟ ಬಿಟ್ಟ. ಅಮೆರಿಕದಲ್ಲಿರುವ ತಮ್ಮನೊಡನೆ ಮಾತನಾಡಲೆಂದು ತಂದು ಮೇಜಿನ ಮೇಲಿಟ್ಟಿದ್ದ ಮೈಕನ್ನು ಮಾತ್ರ ನಾನು ಮುಟ್ಟಲಿಲ್ಲ, ಏಕೆಂದರೆ ಅದು ಡಿಸ್ಕಿನಲ್ಲಿ ಜಾಗವನ್ನೇನೂ ಹಿಡಿದಿರಲಿಲ್ಲ.

ಖಾಲಿಯಾದ ಜಾಗ ಅಲ್ಲಲ್ಲಿ ಚೂರುಚೂರಾಗಿ ಹರಡಿರುತ್ತದೆಂದೂ, ಅದನ್ನು ಒಂದೆಡೆ ಒತ್ತಿಡದಿದ್ದರೆ ಬರೆಯುವ ವೇಗ ಸಾಲದೆ ಚಿತ್ರಗಳು ನಡುನಡುವೆ ಬಿಟ್ಟುಹೋಗುತ್ತವೆಂದೂ ಓದಿ, ರಾತ್ರಿಯಿಡೀ ಡಿಫ್ರಾಗ್ ನಡೆಸಿದೆ. ಪರದೆಯ ಮೇಲೆ ಕೆಂಪು, ನೀಲಿ, ಬಿಳಿ ಗೆರೆಗಳು ನಿಧಾನವಾಗಿ ಸರಿದಾಡುವುದನ್ನು ಅಮ್ಮ ಬಹಳ ಹೊತ್ತು ನೋಡಿ, “ಪಟ್ಟೆ ಚೆನ್ನಾಗಿದೆ ಕಣೋ, ಯಾವ ಅಂಗಡಿಯ ಸೀರೆ?” ಎಂದು ಕೇಳಿದಳು.

ಬಳಿಕ ಹಳದಿ ತಂತಿ ಚಿತ್ರಕ್ಕೆ, ಬಿಳಿಯದು ಧ್ವನಿಗೆ ಎಂದು ಮಂತ್ರದಂತೆ ಹೇಳಿಕೊಳ್ಳುತ್ತಾ ಕ್ಯಾಸೆಟ್ಟು ಓಡಿಸುವ ವಿಸಿಆರನ್ನು ಕಂಪ್ಯೂಟರಿನೊಳಗಿನ, ವಿಡಿಯೋ ಹಿಡಿದಿಡುವ ಕಾರ್ಡಿಗೆ ಜೋಡಿಸಿದೆ. ಚಿತ್ರವೇನೋ ಬಂತು, ಆದರೆ ಬಣ್ಣವಿಲ್ಲದೆ, ಮೇಲಿಂದ ಕೆಳಕ್ಕೆ ಉರುಳುತ್ತಾ ಬಂತು. “ನಮ್ಮ ಮದುವೆ ಕಪ್ಪು-ಬಿಳುಪಿನ ಕಾಲದ್ದಲ್ಲವಲ್ಲ” ಎಂದಳು ಹೆಂಡತಿ. ಕಾರ್ಡು ಅಮೆರಿಕದ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗೆ ಹೊಂದಿಕೊಂಡು ಕೂತಿತ್ತು. ಆಗ ನಮ್ಮ ದೇಶದ್ದು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿಯಾಗಿತ್ತು. ಒಂದು ಗುಂಡಿ ಬದಲಿಸಿದ್ದೇ ತಡ, ಅವಳ ಧಾರೆ ಸೀರೆ ಕೆಂಪಾಯಿತು.

ಪ್ರಯೋಗಕ್ಕೆಂದು ವಿಡಿಯೋ ಮುದ್ರಣ ಆರಂಭಿಸಿದರೆ ಹತ್ತೊಂಬತ್ತನೆಯ ನಿಮಿಷದ ಸುಮಾರಿಗೆ ಎಲ್ಲವೂ ನಿಂತಿತು. ಕಾಶೀಯಾತ್ರೆಗೆಂದು ಕೊಡೆ ಹಿಡಿದು, ಪಾದುಕೆ ಮೆಟ್ಟಿ ಹೊರಟಿದ್ದ ನಾನು, ಮಾವನವರು ಬಂದು ತಡೆಯುವ ಮೊದಲೇ ಪರದೆಯ ಮೇಲೆ ಕಲ್ಲಾಗಿದ್ದೆ. ಮೂರು ಸಲ ಪ್ರಯತ್ನಿಸಿದರೂ ಮೂರು ಸಲವೂ ಕಾಶಿಯ ದಾರಿಯಲ್ಲೇ ನಿಂತೆ. “ಹಾಗೆಯೇ ಹೋಗಿಬಿಟ್ಟಿದ್ದರೆ ಇಬ್ಬರಿಗೂ ಸುಖವಿತ್ತು” ಎಂದು ಅಡುಗೆಮನೆಯಿಂದ ಅಶರೀರವಾಣಿಯಾಯಿತು. ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಹುಡುಗ ಡಿಸ್ಕನ್ನು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ವಿಂಗಡಿಸಿದ್ದನೆಂದೂ, ಆ ಕ್ರಮದಲ್ಲಿ ಯಾವ ಕಡತವೂ 4 ಜಿಬಿಯನ್ನು ಮೀರಿ ಬೆಳೆಯಲಾರದೆಂದೂ ಎರಡು ದಿನಗಳ ಬಳಿಕ ಅರ್ಥವಾಯಿತು. ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಹೊಸ ಕ್ರಮಕ್ಕೆ ಪರಿವರ್ತಿಸಿದ ಮೇಲೆಯೇ ಮಾವನವರಿಗೆ ನನ್ನನ್ನು ತಡೆಯಲು ಸಾಧ್ಯವಾದದ್ದು.

ಇಷ್ಟಾದ ಮೇಲೆ ಬೂಷ್ಟನ್ನು ಸುರುಳಿಯಿಂದ ಒರೆಸಿ, ವಿಸಿಆರಿನ ಹೆಡ್ಡನ್ನು ಸ್ವಚ್ಛಗೊಳಿಸಿ, ಒಂದು ಭಾನುವಾರವನ್ನು ಮುಹೂರ್ತವೆಂದು ಗೊತ್ತುಪಡಿಸಿದೆ. ಆಂಟಿವೈರಸ್ ನಿಲ್ಲಿಸಿದೆ, ಸ್ಕ್ರೀನ್‌ಸೇವರ್ ತೆಗೆದೆ, ಇಂಟರ್ನೆಟ್ಟಿನ ತಂತಿಯನ್ನು ಕಿತ್ತೆ. ವಿದ್ಯುತ್ ಹೋದರೂ ಇರಲೆಂದು ವಿಸಿಆರನ್ನೂ ಯುಪಿಎಸ್‌ಗೆ ಸೇರಿಸಿದೆ. ಮಿಕ್ಸಿ ಹಾಕಬಾರದು, ಮೇಜನ್ನು ಅಲುಗಿಸಬಾರದು, ಮೌಸನ್ನು ಕಣ್ಣಿನಿಂದಲೂ ಮುಟ್ಟಬಾರದು ಎಂಬ ಆಜ್ಞೆಗಳು ಹೊರಟವು. ನಮ್ಮ ನಿಜವಾದ ಮದುವೆಯಲ್ಲಿಯೂ ಇಷ್ಟು ಶಿಸ್ತು ಇರಲಿಲ್ಲ.

ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೇ ಓಡಬೇಕು. ವಿಸಿಆರಿನಿಂದ ಇನ್ನೊಂದು ತಂತಿ ಎಳೆದು ಟಿವಿಗೂ ಕೊಟ್ಟಿದ್ದರಿಂದ ಮೊದಲ ಅರ್ಧ ಗಂಟೆ ವಾಲಗದ ಸದ್ದು ಮನೆಯಲ್ಲೆಲ್ಲ ಮೊಳಗಿತು. ಅಮ್ಮ ಜಪಕ್ಕೆ ಕೂತ ಮೇಲೆ ಟಿವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿ, ನಾನೂ ಹೆಂಡತಿಯೂ ಮೂಕಿ ಚಿತ್ರದಂತೆ ನೋಡುತ್ತಾ ಕೂತೆವು. ಸದ್ದಿಲ್ಲದ ಮದುವೆಗೆ ಮಾತು ಸೇರಿಸದೆ ಇರುವುದು ಕಷ್ಟ. ಅಂದಿನ ಕ್ಯಾಮೆರಾದವನು ಊಟದ ಪಂಕ್ತಿಯ ಮೇಲೆ ಇಪ್ಪತ್ತೆರಡು ನಿಮಿಷಗಳನ್ನು ಖರ್ಚು ಮಾಡಿದ್ದ. ಹೋಳಿಗೆಯ ಬುಟ್ಟಿಯ ಹಿಂದೆಯೇ ಮಾವನವರು ನಡೆಯುತ್ತಿದ್ದುದನ್ನು ಕಂಡು, “ನೋಡೇ, ನಿಮ್ಮಪ್ಪ ಎಲೆ ಎಲೆಗೂ ಹೋಳಿಗೆ ಎಣಿಸುತ್ತಿದ್ದಾರೆ, ಅದಕ್ಕೇ ನಮ್ಮ ಕಡೆಯವರಿಗೆ ಎರಡನೆಯ ಸಲ ಬರಲೇ ಇಲ್ಲ” ಎಂದು ನಾನು ಹೇಳಿದ್ದು ನಿಜ.

ಆ ನಲವತ್ತು ಜಿಬಿಯನ್ನು ಕುಗ್ಗಿಸಲು ಕಂಪ್ಯೂಟರಿಗೆ ಒಂದು ರಾತ್ರಿಯೂ ಮರುದಿನದ ಮಧ್ಯಾಹ್ನವೂ ಹಿಡಿದವು. ಚಿತ್ರ ಕೆಡಬಾರದೆಂದು ಮದುವೆಯನ್ನು ಎರಡು ಡಿವಿಡಿಗಳಿಗೆ ಹಂಚಿದೆ. ಮೊದಲ ಡಿವಿಡಿಯ ಹತ್ತು ನಿಮಿಷ ಹಾಕಿ ನೋಡಿದೆ. ವಾಲಗ ಸ್ವಲ್ಪ ದೂರದಿಂದ ಕೇಳಿದಂತಿತ್ತು, ಹಳೆಯ ಕ್ಯಾಸೆಟ್ಟಿಗೆ ಅಷ್ಟೇ ಹೆಚ್ಚೆಂದುಕೊಂಡೆ. ಐದು ಜೊತೆ ಪ್ರತಿಗಳನ್ನು ಮಾಡಿ ಬಂಧುಗಳಿಗೆ ಕಳುಹಿಸಿದೆ. ಮೊದಲ ಜೊತೆ ಶಿರಸಿಯ ಮಾವನ ಮನೆಗೆ.

ಎಂಟನೆಯ ದಿನ ಮಾವನವರ ಫೋನು ಬಂತು. “ಅಳಿಯಂದಿರೇ, ಹೋಳಿಗೆ ಕಡಿಮೆ ಬಿದ್ದಿರಲಿಲ್ಲ” ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. “ಎರಡನೇ ಡಿವಿಡಿ ಹಾಕಿ ನೋಡಿ, ನಾನು ಕಾಯುತ್ತೇನೆ” ಎಂದರು. ಮಗ ಹಾಕಿದ. ಪರದೆಯ ಮೇಲೆ ಪುರೋಹಿತರು ಬಾಯಿ ಆಡಿಸುತ್ತಿದ್ದರು, ಕುಕ್ಕರಿನ ಮೂರು ಸೀಟಿ ಕೇಳಿತು. ಆರತಿ ಎತ್ತುವ ಮುತ್ತೈದೆಯರ ಬಾಯಿಂದ ಹಾಲಿನವನ ಲೆಕ್ಕ ಹೊರಟಿತು. ಪಂಕ್ತಿ ಬಂದಾಗ ನನ್ನ ಧ್ವನಿ ಆಕಾಶವಾಣಿಯಷ್ಟು ಸ್ಪಷ್ಟವಾಗಿ ಮೊಳಗಿತು. ಬಿಳಿಯ ತಂತಿಯನ್ನು ನಾನು ಸರಿಯಾದ ನೀಲಿ ತೂತಿಗೇ ಸೇರಿಸಿದ್ದೆ. ಆದರೆ ಧ್ವನಿ ಎಲ್ಲಿಂದ ಬರಬೇಕೆಂದು ಸೂಚಿಸುವ ಚೌಕದಲ್ಲಿ ‘ಲೈನ್ ಇನ್’ ಬದಲು ‘ಮೈಕ್’ ಎಂಬುದಕ್ಕೇ ಗುರುತು ಉಳಿದಿತ್ತು. ಜಾಗವನ್ನೇನೂ ಹಿಡಿಯದ ಆ ಮೈಕು ಮೂರು ಗಂಟೆಯೂ ಮೇಜಿನ ಮೇಲೆ ಕೂತು ಕೇಳಿಸಿಕೊಂಡಿತ್ತು.

ನಾನು ನಡುಗುತ್ತಾ ಮತ್ತೆ ಫೋನು ಕಿವಿಗಿಟ್ಟುಕೊಳ್ಳುವಷ್ಟರಲ್ಲಿ ಮಾವನವರು ಕನ್ನಡಕ ಹಾಕಿಕೊಂಡು 1992ರ ಖರ್ಚಿನ ಪುಸ್ತಕವನ್ನು ತೆರೆದಿದ್ದರು. “ಬರೆದುಕೊಳ್ಳಿ. ಕಡಲೆಬೇಳೆ 25 ಕೆಜಿ. ಬೆಲ್ಲ 25 ಕೆಜಿ. ಒಟ್ಟು ಹೋಳಿಗೆ 720. ಊಟವಾದ ಮೇಲೆ ಉಳಿದದ್ದು 46. ಅದರಲ್ಲಿ ನಿಮ್ಮ ಕಡೆಯವರು ಕಟ್ಟಿಕೊಂಡು ಹೋದದ್ದು 40.”