ಸುಮ್ಮನಿರದ ಕೈ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಹತ್ತಿದರೆ ನನ್ನ ಕಣ್ಣು ಮೊದಲು ಹೋಗುವುದು ಮನುಷ್ಯರ ಮುಖದ ಮೇಲಲ್ಲ, ಅವರ ಊಟದ ಬುಟ್ಟಿಯ ಮೇಲೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಬಾಗಿಲು ಹಾಕಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಈ ರೈಲಿನಿಂದ. ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಮರಳುವವರ ಕೈಯಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಪ್ಲಾಸ್ಟಿಕ್ ವೈರಿನ ಬುಟ್ಟಿ ಕಾಣಿಸುತ್ತದೆ. ಒಳಗೆ ಟಿಫಿನ್ ಕ್ಯಾರಿಯರ್, ಪಕ್ಕದಲ್ಲಿ ನೀರಿನ ಬಾಟಲಿ, ಮೇಲೊಂದು ಮಡಿಸಿದ ಟವೆಲ್. ಗಂಟು ನೋಡಿ ಹೆಣೆದವರ ಸ್ವಭಾವ ಹೇಳಬಲ್ಲೆ ಎಂಬ ಜಂಬ ನನಗೆ. ತೀರಾ ಬಿಗಿ ಗಂಟಿನವರ ಹತ್ತಿರ ಸಾಲ ಕೇಳಬಾರದು.

ಈ ಜಂಬವೇ ನನ್ನನ್ನು ಸಿಕ್ಕಿಸಿಹಾಕಿತು. ಒಂದು ಭಾನುವಾರ ಆರಾಧನೆ ಮುಗಿದು ಪ್ರಕಟಣೆಗಳನ್ನು ಓದುವಾಗ ಸಭಾಪಾಲಕರು, ಪ್ರತಿ ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೊಠಡಿಯಲ್ಲಿ ವೈರ್ ಬುಟ್ಟಿ ಹೆಣೆಯಲು ಕಲಿಸಲಾಗುವುದು ಎಂದರು. ಕಲಿಸುವವಳು ನಾನು ಎಂಬುದು ನನಗೂ ಆಗಲೇ ಗೊತ್ತಾದದ್ದು. ಮೊದಲ ವಾರ ಒಂಬತ್ತು ಜನ ಬಂದರು. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ವಾಕ್ಯದಲ್ಲಿ ಸಂಸಾರ ಮಾಡುವ ಊರು ನಮ್ಮದು. ಗಂಟುಗಳ ಹೆಸರೂ ತಮಿಳಿನಿಂದ ದಾಟಿ ಬಂದವು. ಬಿಸ್ಕತ್ ಗಂಟು, ನೆಲ್ಲಿಕಾಯಿ ಗಂಟು, ಎಲ್ಲಕ್ಕಿಂತ ಚೆಂದದ್ದು ಶಿವನ ಕಣ್ಣು. ಶಿಲುಬೆಯ ಕೆಳಗೆ ಕುಳಿತು ಶಿವನ ಕಣ್ಣು ಹಾಕುವುದು ಸರಿಯೇ ಎಂದು ಒಬ್ಬಾಕೆ ಪಿಸುಗುಟ್ಟಿದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಲೆಯೆತ್ತದೆಯೇ, "ಮೊದಲು ನಿನ್ನ ಕಣ್ಣಿಗೆ ಗಂಟು ಕಾಣಲಿ ತಾಯಿ, ಅದು ಯಾರ ಕಣ್ಣು ಎಂದು ಆಮೇಲೆ ವಿಚಾರಿಸೋಣ" ಎಂದರು.

ತೊಡಕು ಬಂದದ್ದು ಅಳತೆಯಲ್ಲಿ. ವೈರನ್ನು ಮೊದಲು ಸಮನಾಗಿ ಕತ್ತರಿಸಿಕೊಳ್ಳಬೇಕು. ನಾನು ಟೇಪು ಹಿಡಿದವಳಲ್ಲ. ಹೂವಾಡಗಿತ್ತಿಯ ಹಾಗೆ ನನ್ನದು ಮೊಳದ ಲೆಕ್ಕ. "ಐದು ಮೊಳದ ಇಪ್ಪತ್ತು ತುಂಡು" ಎಂದು ಎಲ್ಲರಿಗೂ ಹೇಳಿದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಬುಟ್ಟಿ ಮಾತ್ರ ಉಳಿದವರದಕ್ಕಿಂತ ನಾಲ್ಕು ಸಾಲು ಮೊದಲೇ ಮುಗಿದು ನಿಂತಿತು. ಅಳತೆ ತಪ್ಪಿದ್ದೀಯ ಎಂದು ಗದರಿದೆ. ಅವಳು ಮಾತನಾಡದೆ ಒಂದು ತುಂಡು ವೈರು ಎಳೆದುಕೊಂಡು ಮೊಣಕೈಯಿಂದ ಬೆರಳ ತುದಿಗೆ ಐದು ಸಲ ಅಳೆದು ತೋರಿಸಿದಳು. ಸರಿಯಾಗಿಯೇ ಇತ್ತು. ಅವಳ ಮೊಳ ನನ್ನದಕ್ಕಿಂತ ಎರಡು ಬೆರಳು ಗಿಡ್ಡ; ಐದು ಮೊಳಕ್ಕೆ ಹತ್ತು ಬೆರಳು ಖೋತಾ. ಮೊಳ ಎಂದಿದ್ದೆನೇ ಹೊರತು ಯಾರ ಮೊಳ ಎಂದಿರಲಿಲ್ಲ. ನೀವು ಅಳೆಯುವ ಅಳತೆಯಲ್ಲೇ ನಿಮಗೂ ಅಳೆಯಲಾಗುವುದು ಎಂಬ, ಬೈಬಲಿನ ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಮಾತು ತೂಕದಲ್ಲಿ ಮೋಸ ಮಾಡುವ ಅಂಗಡಿಯವರಿಗೆ ಹೇಳಿದ್ದು ಎಂದೇ ಅಲ್ಲಿಯವರೆಗೆ ನಂಬಿದ್ದೆ. ಅದರ ಬೆನ್ನಿಗೇ ಬರುವುದು, ಇನ್ನೊಬ್ಬರ ಕಣ್ಣಿನೊಳಗಿನ ರವೆಯಷ್ಟು ಕಸ ಕಾಣುವವರಿಗೆ ತಮ್ಮ ಕಣ್ಣಿನೊಳಗಿನ ತೊಲೆ ಕಾಣದು ಎಂಬ ಮಾತು. ಅಜ್ಜಿಗೆ ಬೈಬಲ್ ಬಾಯಿಪಾಠ ಎಂಬುದು ನನಗೆ ಹೊಳೆದದ್ದು ಆ ರಾತ್ರಿ.

ಇದಾದರೂ ಅಳತೆಯ ತಪ್ಪು, ತಿದ್ದಿಕೊಳ್ಳಬಹುದು. ನನ್ನ ನಿಜವಾದ ಕಾಯಿಲೆ ಬೇರೆ: ಎದುರಿನವರು ತಡವರಿಸಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದೇ ಹುಡುಗಿ ಎರಡನೆಯ ಬುಟ್ಟಿಯಲ್ಲಿ ಮೂಲೆ ತಿರುಗಿಸಲು ಹೆಣಗುತ್ತಿದ್ದಳು. ಬಿಗಿದ ಗಂಟನ್ನು ಹೇರ್‌ಪಿನ್ನಿನಿಂದ ಬಿಚ್ಚುವುದು, ವೈರಿನಲ್ಲಿ ಉಳಿದ ಮುರುಕನ್ನು ಉಗುರಿನಿಂದ ಉಜ್ಜುವುದು, ಮತ್ತೆ ಅದೇ ತಪ್ಪು ಗಂಟು. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ. "ಕೊಡಿಲ್ಲಿ" ಎಂದು ಕಸಿದುಕೊಂಡು ಮೂಲೆ ತಿರುಗಿಸಿ, ಅಷ್ಟಕ್ಕೇ ನಿಲ್ಲಿಸದೆ ಮೂರು ಸಾಲು ಸರಸರನೆ ಹಾಕಿಕೊಟ್ಟೆ. ಉಪಕಾರ ಮಾಡಿದೆನೆಂದು ಬೀಗಿದೆ ಕೂಡ. ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ದಾರಿಯಲ್ಲಿ ಸಿಕ್ಕ ಅವಳ ತಾಯಿ ಅಕ್ಕರೆಯಿಂದಲೇ ಹೇಳಿದರು: "ಮಧ್ಯದ ಮೂರು ಸಾಲು ಮಾತ್ರ ಅಂಗಡಿಯದರ ಹಾಗೆ ಬಂದಿದೆ ಅಕ್ಕಾ. ಮಿಕ್ಕದ್ದು ಸೊಟ್ಟ ಎಂದು ನಾವು ನಕ್ಕೆವು. ಅವಳು ಅಟ್ಟಕ್ಕೆ ಎಸೆದಳು."

ಬೈಬಲಿನ ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರ ಕಟ್ಟಿದ ಬೆಚಲೇಲನೆಂಬ ಕುಶಲಿಯ ಕಥೆ ಇದೆ. ಚಿನ್ನ, ಬೆಳ್ಳಿ, ತಾಮ್ರ, ರತ್ನ, ಮರ, ಯಾವುದಕ್ಕೂ ಅವನ ಕೈ ಬಗ್ಗುತ್ತಿತ್ತು. ಚಿನ್ನದ ಊರಿನವಳಾದ್ದರಿಂದ ಆ ಪಟ್ಟಿಯಲ್ಲಿ ಚಿನ್ನವೇ ಮೊದಲಿರುವುದು ನನಗೆ ಖುಷಿ. 35ನೆಯ ಅಧ್ಯಾಯ ಅಷ್ಟಕ್ಕೇ ಮುಗಿಯುವುದಿಲ್ಲ. ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ಬುದ್ಧಿಯನ್ನೂ ದೇವರು ಕೊಟ್ಟನು ಎಂದು ಬೇರೆಯಾಗಿ ಹೇಳುತ್ತದೆ. ಕೆಲಸ ಬಂದವರಿಗೆ ಕಲಿಸುವುದೂ ಬರುತ್ತದೆ ಎಂದಿದ್ದರೆ ಆ ಸಾಲು ಬೇಕಿರಲಿಲ್ಲ. ನನಗೆ ಸಿಕ್ಕಿದ್ದು ಅರ್ಧ ವರ ಮಾತ್ರ.

ನನಗೆ ಬುಟ್ಟಿ ಕಲಿಸಿದವರಿಗೆ ಇಡೀ ವರ ಸಿಕ್ಕಿತ್ತು. ಮನೆಯವರ ಗಣಿ ಕೆಲಸ ಹೋದ ವರ್ಷ ಅದು. ನಮ್ಮ ಲೈನ್ ಮನೆಯ ಪಕ್ಕದ ಅಕ್ಕ ಜಗಲಿಯಲ್ಲಿ ಕೂರಿಸಿಕೊಂಡು ವೈರಿನ ಕಟ್ಟು ಕೈಗಿತ್ತರು. ನಾನು ತಪ್ಪಿದರೆ "ಬಿಚ್ಚು" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಒಂದು ದಿನವೂ ನನ್ನ ಬುಟ್ಟಿ ಮುಟ್ಟಲಿಲ್ಲ. ಕಲ್ಲೆದೆಯ ಹೆಂಗಸು ಎಂದು ಬೈದುಕೊಂಡಿದ್ದೇನೆ. ಅದೇ ವರ್ಷ ರಾತ್ರಿಯೆಲ್ಲ ನಾನು ದೇವರನ್ನು ಬೇಡುತ್ತಿದ್ದದ್ದೂ ಇದನ್ನೇ: ಇದು ನನ್ನಿಂದಾಗದು, ನೀನೇ ಇಸಿದುಕೊಂಡು ಸರಿಮಾಡು. ಅವನೂ ಮುಟ್ಟಲಿಲ್ಲ. ಅವನ ಮೇಲೂ ಮುನಿಸಿಕೊಂಡೆ. ಈಗ ಕಲಿಸಲು ಕುಳಿತ ಮೇಲೆ ಬೇರೆ ಅನುಮಾನ ಕಾಡುತ್ತದೆ. ಆ ಅಕ್ಕನ ಕೈ ಎಷ್ಟು ಚಡಪಡಿಸಿತ್ತೋ!

ಐದು ಸಾವಿರ ಜನ ಹಸಿದು ಕುಳಿತಾಗ ಯೇಸುಸ್ವಾಮಿ ಶಿಷ್ಯರಿಗೆ, ನೀವೇ ಅವರಿಗೆ ಊಟಕ್ಕೆ ಕೊಡಿ ಎಂದರಲ್ಲ, ಅಲ್ಲಿಯೂ ಇದೇ ಕಾಣುತ್ತದೆ. ರೊಟ್ಟಿ ಮುರಿದವರು ಅವರು, ಹಂಚಿದವರು ಶಿಷ್ಯರು. ಉಳಿದ ತುಂಡು ಹನ್ನೆರಡು ಬುಟ್ಟಿ. ಬುಟ್ಟಿ ಎಂದ ಕೂಡಲೇ ನನ್ನ ಗಮನ ದೇವಶಾಸ್ತ್ರ ಬಿಟ್ಟು ಹೆಣಿಗೆಗೆ ಜಾರುತ್ತದೆ. ಗ್ರೀಕ್ ಮೂಲದಲ್ಲಿ ಆ ಹನ್ನೆರಡಕ್ಕೆ ಕೋಫಿನೊಸ್ ಎಂಬ ಪದ, ನಾಲ್ಕು ಸಾವಿರ ಜನರ ಊಟದಲ್ಲಿ ಉಳಿದ ಏಳಕ್ಕೆ ಸ್ಪುರಿಸ್ ಎಂಬ ಬೇರೆ ಪದ ಎಂದು ಸಭಾಪಾಲಕರು ಒಮ್ಮೆ ಹೇಳಿದ್ದರು. ಕೊಲ್ಲಲು ಕಾದಿದ್ದವರಿಂದ ತಪ್ಪಿಸಲು ಅಪೊಸ್ತಲ ಪೌಲನನ್ನು ದಮಸ್ಕ ಪಟ್ಟಣದ ಗೋಡೆಯಿಂದ ರಾತ್ರಿ ಇಳಿಸಿದ್ದೂ ಸ್ಪುರಿಸ್‌ನಲ್ಲೇ. ಒಬ್ಬ ಗಂಡಸಿನ ಭಾರಕ್ಕೆ ಅಡಿ ಕಳಚಲಿಲ್ಲ ಎಂದರೆ ಅದನ್ನು ಹೆಣೆದ ಕೈಗೆ ನನ್ನದೊಂದು ನಮಸ್ಕಾರ. ಅವರ ಹೆಸರು ಎಲ್ಲಿಯೂ ಇಲ್ಲ. ಅವರಿಗೆ ಬಿಚ್ಚು, ಬಿಚ್ಚು ಎಂದವರ ಹೆಸರಂತೂ ಇಲ್ಲವೇ ಇಲ್ಲ.

ನಾನೇ ಹೋಗಿ ಆ ಹುಡುಗಿಯನ್ನು ಕರೆದು ಬಂದೆ. ತಪ್ಪಾಯಿತು ಎಂದು ನೇರವಾಗಿ ಹೇಳಲು ಬಾಯಿ ಬರಲಿಲ್ಲ, ವಡೆ ಕೊಡಿಸಿದೆ. ಅಟ್ಟದಿಂದ ಬುಟ್ಟಿ ಇಳಿಸಿಕೊಂಡು ಬಂದವಳು ನನ್ನ ಮುಂದೆಯೇ ಕುಳಿತು, ನಾನು ಹಾಕಿದ್ದ ಮೂರು ಸಾಲುಗಳನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ಬಿಚ್ಚಿದಳು. ಅಂಥ ಚೆಂದದ ಗಂಟುಗಳು! ಆಮೇಲೆ ಮೂಲೆಗೆ ಬಂದಳು. ಮತ್ತೆ ಅದೇ ತಪ್ಪು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತೆ. ಅಜ್ಜಿ ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾಲ್ಕನೆಯ ಸಲವೋ ಐದನೆಯ ಸಲವೋ ವೈರು ತಿರುಗಿತು. ಅದು ಮತ್ತೆ ಜಾರದಂತೆ ಅವಳು ಬಾಯಿಗೆ ಹಾಕಿ ಎಳೆಯತೊಡಗಿದಳು.

ಹಲ್ಲಿನಿಂದ ಎಳೆಯಬೇಡ ಎಂದಷ್ಟೇ ಹೇಳಿದೆ.