ಕಾಡುವ ಚಿತ್ರಗಳನ್ನು ರಿಪೇರಿ ಮಾಡಿ ತೋರಿಸುವವರ ಬಗ್ಗೆ

ವಿಚಿತ್ರ ಮತ್ತು ಭಯಾನಕ ಚಿತ್ರಗಳ ಉತ್ಸವವೊಂದು ಬಳ್ಳಾರಿಯಲ್ಲೇ ನಡೆಯುತ್ತದೆಂದು ತಿಳಿದಾಗ ತುಂಬ ಸಂತೋಷವಾಗಿತ್ತು. ಇಂಥ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡಬೇಕೆಂದರೆ ನಮ್ಮ ಭಾಗದವರು ರಾತ್ರಿ ರೈಲು ಹತ್ತಿ ಬೆಂಗಳೂರಿಗೇ ಹೋಗಬೇಕಾದ ಪರಿಸ್ಥಿತಿಯಿದೆ. ಆದರೆ ಭಯಪಡುವುದಕ್ಕೆಂದು ದುಡ್ಡು ಕೊಟ್ಟು ಒಳಗೆ ಹೋದವನು ಮೈಯೆಲ್ಲ ಉರಿಸಿಕೊಂಡು ಹೊರಗೆ ಬಂದೆ. ಚಿತ್ರದಲ್ಲಿ ಯಾವುದು ವಿಚಿತ್ರವಾಗಿದೆಯೋ ಅದನ್ನೇ ದೋಷವೆಂದು ತಿಳಿದು ಸರಿಪಡಿಸಲು ಹೊರಟವರು ಅಲ್ಲಿ ಒಬ್ಬಿಬ್ಬರಲ್ಲ.

ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಅವರ ಮೊದಲ ಕಥಾಚಿತ್ರವಾದ 1977ರ ‘ಇರೇಸರ್‌ಹೆಡ್’ನಲ್ಲಿ ಮಾತು ಬಹಳ ಕಡಿಮೆ, ಯಂತ್ರಗಳ ಮೊರೆತ, ಹಬೆ ಸೋರುವ ಸದ್ದು, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಗುಂಯ್‌ಗುಡುವಿಕೆ ಇವೇ ನಮ್ಮನ್ನು ಒಳಗಿಂದ ಕಲಕುತ್ತವೆ. ಲಿಂಚ್ ಮತ್ತು ಶಬ್ದ ವಿನ್ಯಾಸಕ ಅಲನ್ ಸ್ಪ್ಲೆಟ್ ಸೇರಿ ಬಹು ಕಾಲ ಕೂತು ಕಟ್ಟಿದ ಈ ಶಬ್ದವನ್ನು ನಮ್ಮ ಆಪರೇಟರ್ ಮಹಾಶಯರು ಐದೇ ನಿಮಿಷದಲ್ಲಿ ಅಡಗಿಸಿಬಿಟ್ಟರು. ಎದ್ದು ಹೋಗಿ ಕೇಳಿದರೆ, “ಸ್ಪೀಕರ್ ಕೆಟ್ಟೈತಿ ಅನ್ಕೊಂಡೆ ಸರ್, ಅದಕ್ಕ ಸೌಂಡ್ ಕಮ್ಮಿ ಮಾಡೀನಿ” ಎಂದರು. ಅವರ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಚಿತ್ರ ಹೇಗಿದೆಯೆಂದು ಅವರಿಗೆ ಒಂದು ಮಾತು ಮೊದಲೇ ಹೇಳದೆ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಸಂಘಟಕರ ಮೇಲಿದೆ. ಕಪ್ಪು ಬಿಳುಪಿನ ಚಿತ್ರ “ಬಹಳ ಕತ್ತಲೆಯಾಗಿದೆ” ಎಂದು ಯಾರೋ ದೂರಿದ್ದಕ್ಕೆ ಪ್ರೊಜೆಕ್ಟರ್‌ನ ಬೆಳಕು ಹೆಚ್ಚಿಸಿ, ನೆರಳುಗಳನ್ನೆಲ್ಲ ಬೂದಿಯ ಬಣ್ಣಕ್ಕೆ ತಿರುಗಿಸಿದ್ದೂ ಅವರ ಅಪ್ಪಣೆಯಿಂದಲೇ. ಸುಮಾರು ಒಂದೂವರೆ ಗಂಟೆಯ ಆ ಚಿತ್ರಕ್ಕೆ ನಡುವೆ ಇಂಟರ್ವಲ್ ಬೇರೆ, ಮಿರ್ಚಿ ಮಂಡಕ್ಕಿಯ ಸಮೇತ!

ಮರುದಿನದ ಕಥೆ ಇದಕ್ಕಿಂತ ಘೋರ. ಮಸಾಕಿ ಕೊಬಯಾಶಿ ಅವರ 1964ರ ‘ಕ್ವಾಯ್‌ದಾನ್’ ಮೂರು ಗಂಟೆಯ ಜಪಾನಿ ಚಿತ್ರ; ಅದರಲ್ಲಿ ನಾಲ್ಕು ದೆವ್ವದ ಕಥೆಗಳಿವೆ. ಎರಡನೆಯದಾದ ಹಿಮದ ಹೆಣ್ಣಿನ ಕಥೆಯಲ್ಲಿ ಆಕಾಶದ ತುಂಬ ಬಿಡಿಸಿದ ಕಣ್ಣುಗಳು ಮನುಷ್ಯನನ್ನು ನೋಡುತ್ತಲೇ ಇರುತ್ತವೆ. ಅದನ್ನು ಕಾಣಲೆಂದೇ ಸಿರುಗುಪ್ಪ, ಸಂಡೂರುಗಳಿಂದ ಹುಡುಗರು ಬಂದಿದ್ದರು. ಮುಖ್ಯ ಅತಿಥಿಗಳು ತಡವಾಗಿ ಬಂದು, ಸನ್ಮಾನ ಮತ್ತು ಭಾಷಣಗಳು ಮುಕ್ಕಾಲು ಗಂಟೆ ನಡೆದು, ಹೊತ್ತು ಮೀರಿತೆಂದು ಕೈಬಿಟ್ಟಿದ್ದು ಅದೇ ಕಥೆಯನ್ನು. ಹಿಂದೆ ಅಮೆರಿಕದಲ್ಲಿ ಈ ಚಿತ್ರ ಬಿಡುಗಡೆಯಾದಾಗಲೂ ಉದ್ದ ಹೆಚ್ಚಾಯಿತೆಂದು ಇದೇ ಭಾಗಕ್ಕೆ ಕತ್ತರಿ ಹಾಕಿದ್ದರು. ಅಲ್ಲಿನವರಿಗೆ ವ್ಯಾಪಾರದ ನೆಪವಾದರೂ ಇತ್ತು, ಇಲ್ಲಿ ಹಾರ ತುರಾಯಿಯ ನೆಪ. ಉಳಿದ ಕಥೆಗಳಿಗೆ ನಿರೂಪಕರು ಮೊದಲೇ ಮೈಕಿನಲ್ಲಿ ಕೊನೆಯವರೆಗಿನ ಸಾರಾಂಶ ಹೇಳಿ, “ಯಾರೂ ಹೆದರಬೇಡಿ, ಇದು ಬರೀ ಸಿನಿಮಾ” ಎಂದು ಧೈರ್ಯವನ್ನೂ ತುಂಬಿದರು. ಇನ್ನೊಂದು ಕಥೆಯಲ್ಲಿ ಕುರುಡ ವಾದ್ಯಗಾರನ ಮೈತುಂಬ ಮಂತ್ರ ಬರೆದವರು ಕಿವಿಗಳನ್ನು ಮರೆತದ್ದು ಮೊದಲೇ ಗೊತ್ತಾದ ಮೇಲೆ ಆ ಕಥೆಯಲ್ಲಿ ಇನ್ನೇನು ಉಳಿಯುತ್ತದೆ?

ಪ್ರೇಕ್ಷಕರು ನಕ್ಕರೆಂದು ನಾನು ದೂರುವುದಿಲ್ಲ. ಅಂಜಿಕೆಯಾದಾಗ ನಗು ಬರುವುದು ಸಹಜ, ರಾತ್ರಿಯಿಡೀ ಬಯಲಾಟ ನೋಡಿದ ಊರಿನವರು ಕೂಗಿ ಕೇಕೆ ಹಾಕಿದರೆ ಅದೂ ನೋಡುವ ಒಂದು ರೀತಿಯೇ. ಸಣ್ಣ ಊರಿನವರಿಗೆ ಇದೆಲ್ಲ ಅರ್ಥವಾಗುವುದಿಲ್ಲವೆಂದು ಕಾರ್ಯದರ್ಶಿಗಳು ಹೇಳಿದರಲ್ಲ, ಆ ಮಾತನ್ನು ಮಾತ್ರ ನುಂಗಿಕೊಳ್ಳಲಾಗುತ್ತಿಲ್ಲ. ಇಂಥ ಚಿತ್ರಗಳಿಗೆ ಲೋಕಪ್ರಸಿದ್ಧವಾದ ಉತ್ಸವ 1968ರಿಂದ ನಡೆಯುತ್ತಿರುವ ಸ್ಪೇನಿನ ಸಿಟ್ಜೆಸ್ ಬಳ್ಳಾರಿಯ ಹತ್ತನೆಯ ಒಂದು ಪಾಲೂ ಇಲ್ಲದ ಕಡಲತೀರದ ಊರು. ನಮಗೆ ಅರ್ಥವಾಗುತ್ತದೋ ಇಲ್ಲವೋ ಎಂಬುದನ್ನು ಚಿತ್ರವನ್ನು ಪೂರ್ತಿ ತೋರಿಸಿದ ಮೇಲೆ ನಾವೇ ಹೇಳುತ್ತೇವೆ.

ಪಾಸಿನ ಹಣವನ್ನು ನಾನು ವಾಪಸ್ ಕೇಳುತ್ತಿಲ್ಲ. ಕೈಬಿಟ್ಟ ಆ ಒಂದು ಕಥೆಯನ್ನು ಯಾವುದಾದರೂ ಭಾನುವಾರ ಸಂಜೆ ಅದೇ ಸಭಾಂಗಣದಲ್ಲಿ ದೀಪ ಆರಿಸಿ, ಬಾಗಿಲು ಮುಚ್ಚಿ, ಧ್ವನಿಯನ್ನು ಮುಟ್ಟದೆ ತೋರಿಸಲಿ. ಅತಿಥಿಗಳನ್ನು ಕರೆಯಲೇಬೇಕೆಂದಿದ್ದರೆ ಅವರೂ ಟಿಕೆಟ್ ಕೊಂಡು ಬಂದು ಕತ್ತಲಲ್ಲಿ ನಮ್ಮ ಪಕ್ಕ ಕೂರಲಿ.